ಲೆಕ್ಕಕ್ಕೆ ಸಿಗದ ಏಳಿಗೆ

ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಕೈವಾರದ ನಾರಾಯಣಪ್ಪ ಸೋತವರು. ಬಳೆ ಮಲಾರ ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದ ಅವರು ದುಡ್ಡಿದ್ದವರಿಗೂ ಇಲ್ಲದವರಿಗೂ ಒಂದೇ ಮನಸ್ಸಿನಿಂದ ಬಳೆ ತೊಡಿಸಿ, ಬಾಕಿ ಕೇಳುವುದನ್ನೂ ಮರೆತು ಬರಿಗೈಯಲ್ಲಿ ಮನೆಗೆ ಬರುತ್ತಿದ್ದರಂತೆ. ಚಿಂತಾಮಣಿ ತಾಲ್ಲೂಕಿನಲ್ಲಿ ಈ ಕಥೆ ಕೇಳದೆ ಬೆಳೆದವರು ಕಡಿಮೆ. ಹಾಗೆ ಸೋತ ಬಳೆಗಾರರನ್ನೇ ಜನ ಕೈವಾರ ತಾತಯ್ಯ ಎಂದು ಕರೆದರು, ಯೋಗಿ ನಾರೇಯಣ ಯತೀಂದ್ರರೆಂದು ಪೂಜಿಸಿದರು. ಫಾಲ್ಗುಣ ಹುಣ್ಣಿಮೆಗೆ ಅವರ ಜಯಂತಿ. 1726ರಲ್ಲಿ ಹುಟ್ಟಿ 1836ರವರೆಗೆ, 110 ವರ್ಷ ಬದುಕಿದ್ದರು ಎನ್ನುತ್ತದೆ ಸಂಪ್ರದಾಯ.

ಈಗ ಕೈವಾರ ಕ್ರಾಸಿನಲ್ಲಿ ಬೆಳಗಿನ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರ ಕೈಯಲ್ಲಿ ಬೇರೆಯದೇ ಲೆಕ್ಕವಿದೆ. ಎಷ್ಟು ಹೆಜ್ಜೆ ನಡೆದೆ, ಎಷ್ಟು ಗಂಟೆ ಓದಿದೆ, ಎಷ್ಟು ದಿನ ಬಿಡದೆ ಇಂಗ್ಲಿಷ್ ಕಲಿತೆ, ಎಲ್ಲವನ್ನೂ ಫೋನು ಎಣಿಸಿ ಕೊಡುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದರೆ ಬದುಕು ಬದಲಾಗುತ್ತದೆ ಎಂದು ಯಾರೋ ವಿಡಿಯೊದಲ್ಲಿ ಹೇಳುತ್ತಾರೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಅವ್ವ ಐದಕ್ಕೇ ಎದ್ದು ಸೊಪ್ಪು ಕೊಯ್ಯಲು ಹೊರಟಿರುತ್ತಾಳೆ. ಅವಳ ಬದುಕು ಅಷ್ಟರಿಂದಲೇ ಬದಲಾಗಿದ್ದರೆ ಎಷ್ಟು ಚೆನ್ನಾಗಿತ್ತು!

ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬ ಆಸೆ ಒಳ್ಳೆಯದೇ. ಆದರೆ ಆ ಆಸೆಗೆ ಇಂದು ಅಂಟಿಕೊಂಡಿರುವ ಒಂದು ನಂಬಿಕೆಯನ್ನು ತುಸು ತಟ್ಟಿ ನೋಡಬೇಕು. ಏಳಿಗೆ ಎಂದರೆ ಒಬ್ಬನ ಛಲ, ಒಬ್ಬನ ಶಿಸ್ತು, ಒಬ್ಬನ ಗೆಲುವು ಎಂಬ ನಂಬಿಕೆ ಅದು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ತಮ್ಮನ್ನು ತಾವು ರೂಪಿಸಿಕೊಂಡವರ ಬದುಕನ್ನು ಹತ್ತಿರದಿಂದ ನೋಡಿದರೆ ಬೇರೆಯದೇ ಕಾಣುತ್ತದೆ. ಅವರಲ್ಲಿ ಯಾರೂ ಒಬ್ಬರೇ ಮೇಲೆದ್ದವರಲ್ಲ. ಪ್ರತಿಯೊಬ್ಬರ ಏಳಿಗೆಯ ಹಿಂದೆಯೂ ಯಾರದೋ ಸಾಲವಿದೆ. ಅದನ್ನು ಅವರು ತೀರಿಸಿದ ಬಗೆಯಲ್ಲೇ ಅವರ ದೊಡ್ಡತನವೂ ಇದೆ.

ಬಾಯಲ್ಲೊಂದು ಕಲ್ಲು

ತಾತಯ್ಯನವರ ಬದುಕು ತಿರುಗಿದ್ದು ಎಳೆಯ ವಯಸ್ಸಿನಲ್ಲಲ್ಲ. ಮದುವೆಯಾಗಿ, ಮಕ್ಕಳಾಗಿ, ಸಂಸಾರದ ಭಾರದಲ್ಲಿ ಬಳಲಿದ ಮೇಲೆ. ಪರದೇಶಿ ಸ್ವಾಮಿ ಎಂಬ ಗುರುವೊಬ್ಬರು ಸಿಕ್ಕಿ, ಅಷ್ಟಾಕ್ಷರಿ ಮಂತ್ರ ಹೇಳಿಕೊಟ್ಟು, ಒಂದು ಬೆಣಚುಕಲ್ಲನ್ನು ಬಾಯಲ್ಲಿ ಇಟ್ಟುಕೊಂಡು ಜಪಿಸು, ಅದು ಕಲ್ಲುಸಕ್ಕರೆಯಾಗುವವರೆಗೂ ಬಿಡಬೇಡ ಎಂದರಂತೆ. ಬೆಟ್ಟದ ಗವಿಯಲ್ಲಿ ಕೂತು ಹಾಗೆಯೇ ಮಾಡಿದರು, ಕಲ್ಲು ಕರಗಿ ಸಿಹಿಯಾಯಿತು ಎಂಬುದು ಐತಿಹ್ಯ.

ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಅಭ್ಯಾಸದ ಕಣ್ಣಿನಿಂದ ನೋಡಿದರೆ ಗುರು ಕೊಟ್ಟ ಈ ಪಾಠ ಬಲು ಜಾಣತನದ್ದು. ಬಾಯಲ್ಲಿ ಕಲ್ಲಿದ್ದವನು ಹರಟುವಂತಿಲ್ಲ. ತಾನು ಏನು ಮಾಡುತ್ತಿದ್ದೇನೆ ಎಂದು ನಾಲ್ಕು ಜನರಿಗೆ ಸಾರುವಂತೆಯೂ ಇಲ್ಲ. ಇಂದು ನಾವು ಮೊದಲು ಸ್ಟೇಟಸ್ ಹಾಕುತ್ತೇವೆ, ಆಮೇಲೆ ಓದಲು ಕೂರುತ್ತೇವೆ. ನಾಲ್ಕು ಮೆಚ್ಚುಗೆ ಬಂದ ಕೂಡಲೇ ಅರ್ಧ ಓದಿದಷ್ಟು ಸಮಾಧಾನವಾಗಿ ಪುಸ್ತಕ ಮಡಿಸಿಡುತ್ತೇವೆ. ಗುರು ಗಡುವನ್ನೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಇಷ್ಟು ದಿನಕ್ಕೆ ಮುಗಿಯುತ್ತದೆ ಎಂಬ ಭರವಸೆ ಇಲ್ಲದೆಯೂ ಮಾಡಬೇಕಾದ ಕೆಲಸ ಅದು.

ಜಪದ ಫಲವಾಗಿ ಬಂದದ್ದು ಹಾಡು. ಗಡಿನಾಡಿನ ಈ ಸೀಮೆಯ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ಒಂದೇ ಒಲೆಯ ಮುಂದೆ ಕೂರುತ್ತವೆ. ತಾತಯ್ಯನವರೂ ಎರಡರಲ್ಲೂ ಪದ ಕಟ್ಟಿದರು. ಅಮರನಾರೇಯಣ ಶತಕ, ಕಾಲಜ್ಞಾನದ ಪದಗಳು, ಕೀರ್ತನೆಗಳು ಭಜನಾ ಮಂಡಳಿಗಳ ಬಾಯಲ್ಲಿ ಉಳಿದು ಬಂದವು. ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದ ಮಠದಲ್ಲಿ ಮೂರು ದಿನ ಹಗಲೂ ರಾತ್ರಿ ಬಿಡುವಿಲ್ಲದೆ ಸಂಗೀತ ನಡೆಯುತ್ತದೆ. ಹೆಸರಾಂತ ಕಲಾವಿದರ ಜತೆಗೆ ಹಳ್ಳಿಯ ಭಜನೆಯವರೂ ಬರುತ್ತಾರೆ.

ಓದುವ ಮಕ್ಕಳು ಈ ಭಜನೆಯವರಿಂದ ಕಲಿಯಬೇಕಾದದ್ದೊಂದಿದೆ. ಪುಸ್ತಕ ನೋಡದೆ ಹಾಡುವುದು. ಒಂದು ಚರಣ ಮರೆತರೆ ಪಕ್ಕದವರು ಎತ್ತಿಕೊಡುತ್ತಾರೆ, ಮುಂದಿನ ಸಲ ಅದು ಮರೆಯುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಬೇರೆ ದಾರಿಯಿಂದ ಕಂಡುಕೊಂಡಿತು. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಗುಂಪಿನವರು ಒಮ್ಮೆ ಓದಿ, ಎರಡನೆಯ ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ನೆನಪಿದ್ದದ್ದು ಶೇ 42ರಷ್ಟು, ನೆನಪಿಸಿಕೊಂಡು ಬರೆದವರಿಗೆ ಶೇ 56ರಷ್ಟು. ಹಳದಿ ಪೆನ್ನಿನಲ್ಲಿ ಗೆರೆ ಎಳೆದು ಹತ್ತು ಸಲ ಓದುವ ಹುಡುಗನಿಗೆ ಎಲ್ಲ ಬಂದಂತೆ ಅನಿಸುತ್ತದೆ. ಪರೀಕ್ಷೆಯ ಹಾಲ್‌ನಲ್ಲಿ ಕೂತಾಗ ಪುಟದ ಬಣ್ಣ ಮಾತ್ರ ನೆನಪಿಗೆ ಬರುತ್ತದೆ. ಪುಸ್ತಕ ಮುಚ್ಚಿ ಗೆಳೆಯನಿಗೆ ಹೇಳಿ ತೋರಿಸುವುದು ಕಷ್ಟ, ಎಡವಿದಾಗ ನಾಚಿಕೆ. ಆ ಎಡವುವಿಕೆಯಲ್ಲೇ ಕಲಿಕೆ ಇದೆ, ಅದಕ್ಕೆ ಕೇಳಿಸಿಕೊಳ್ಳುವವರೊಬ್ಬರು ಬೇಕು.

ಹೊಸೂರಿನಿಂದ ಬಸವನಗುಡಿಗೆ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಕಥೆಯನ್ನು ನಾವು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತೇವೆ. ಬಡ ಮನೆಯ ಹುಡುಗ, ಬಸ್ಸಿಗೆ ಕಾಸಿಲ್ಲ, 1935ರಲ್ಲಿ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಎರಡು ದಿನ ನಡೆದು ಬೆಂಗಳೂರು ಸೇರಿದ. ನಿಜ, ಆ ಕಾಲುಗಳು ಅವನವೇ. ಆದರೆ ಬೆಂಗಳೂರಿಗೆ ಹೋಗಬೇಕೆಂಬ ದಾರಿ ತೋರಿದವರು ಮೇಷ್ಟ್ರು ಎಂ.ಎಸ್. ನಾರಾಯಣರಾವ್. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಲು ಅನುಕೂಲವಾದದ್ದು ಅವರ ನೆರವಿನಿಂದ. ಉಣ್ಣಲು, ಮಲಗಲು ಬಡ ವಿದ್ಯಾರ್ಥಿಗಳ ನಿಲಯವಿತ್ತು. ಈ ಮೂರೂ ಇಲ್ಲದಿದ್ದರೆ ಆ ಎರಡು ದಿನದ ನಡಿಗೆ ಬರಿಯ ಕಾಲುನೋವಾಗಿ ಮುಗಿಯುತ್ತಿತ್ತು.

ಮರುವರ್ಷ ಆ ಶಾಲೆಗೆ ಗಾಂಧೀಜಿ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಿಳಿಸಿದವನು ಇದೇ ಹುಡುಗ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲು ಸೇರಿದರು. ಹೊರಬಂದು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಮುಗಿಸಿ, ನ್ಯಾಷನಲ್ ಕಾಲೇಜಿನಲ್ಲಿ ಪಾಠಕ್ಕೆ ನಿಂತರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌.ಡಿ ಪಡೆದದ್ದು 1960ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ. ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟ್ರು ಮತ್ತೆ ಬೆಂಚಿನ ಮೇಲೆ ಕೂತು ವಿದ್ಯಾರ್ಥಿಯಾದರು. ಇಪ್ಪತ್ತೆಂಟಾಯಿತು, ಇನ್ನೇನು ಓದುವುದು ಎಂದು ನಿಟ್ಟುಸಿರು ಬಿಡುವವರು ಈ ಇಸವಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಎಚ್ಚೆನ್ ಎಂದೇ ಜನ ಕರೆದ ನರಸಿಂಹಯ್ಯನವರು ಸಾಲ ತೀರಿಸಿದ ಬಗೆ ಇನ್ನೂ ಸೊಗಸು. ಕಾಲೇಜಿನ ಪ್ರಾಂಶುಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣ ಬಂತು. ವಾಸ ಮಾತ್ರ ವಿದ್ಯಾರ್ಥಿ ನಿಲಯದ ಕೋಣೆಯಲ್ಲೇ. 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ಬುಧವಾರದ ಉಪನ್ಯಾಸಕ್ಕೆ ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದಿತ್ತು. ಅವರ ಸಂಸ್ಥೆಯ ಕಾಲೇಜುಗಳು ಗೌರಿಬಿದನೂರಿಗೂ ಬಾಗೇಪಲ್ಲಿಗೂ ಬಂದವು. ಓದಲು ತಾವು ಬೆಂಗಳೂರಿಗೆ ನಡೆದುಹೋಗಬೇಕಾಯಿತು, ಮುಂದಿನವರು ನಡೆಯುವುದು ಬೇಡ ಎಂದು ಕಾಲೇಜನ್ನೇ ಊರ ಬಳಿಗೆ ತಂದರು. ಅವರು ತಮ್ಮ ಆತ್ಮಕಥೆಗೆ 'ಹೋರಾಟದ ಹಾದಿ' ಎಂದು ಹೆಸರಿಟ್ಟರು. ಆ ಹಾದಿ ಅವರ ಪಾದಕ್ಕಷ್ಟೇ ಮೀಸಲಾಗಿ ಉಳಿಯಲಿಲ್ಲ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದೂ ಹೆಚ್ಚು ಕಡಿಮೆ ಇದೇ ಜಾಡು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಹೊಟ್ಟೆಪಾಡಿಗೆ ಮನೆಪಾಠ. 1881ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಮೈಸೂರಿನ ದಿವಾನರಾಗಿದ್ದವರು, ಹಿಂದೊಮ್ಮೆ ಇನ್ನೊಬ್ಬರ ಮಕ್ಕಳಿಗೆ ಅಕ್ಷರ ತಿದ್ದಿಸಿ ಫೀಸು ಕಟ್ಟಿದ್ದ ಈ ಹುಡುಗ.

ಕೈವಾರದ ಮಠಕ್ಕೆ ಈಗಿನ ರೂಪ ಕೊಟ್ಟ ಎಂ.ಎಸ್. ರಾಮಯ್ಯನವರನ್ನೂ ಇಲ್ಲಿ ನೆನೆಯಬೇಕು. ಗುತ್ತಿಗೆದಾರರಾಗಿ, ಉದ್ಯಮಿಯಾಗಿ ಬೆಳೆದ ಅವರು 1962ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಬಳೆಗಾರ ಸಂತನ ಭಕ್ತರೊಬ್ಬರು ಕಟ್ಟಿದ ಆ ಕಾಲೇಜಿನ ಸೀಟು ಇಂದು ಎಷ್ಟೋ ಮನೆಗಳ ಕನಸು.

ಸೆಲ್ಫ್ ಹೆಲ್ಪ್ ಹುಟ್ಟಿದ ಕೋಣೆ

ಪುಸ್ತಕದಂಗಡಿಯ ಒಂದಿಡೀ ಗೋಡೆ ತುಂಬುವ ಸೆಲ್ಫ್ ಹೆಲ್ಪ್ ಪುಸ್ತಕಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಸ್ಯಾಮ್ಯುಯೆಲ್ ಸ್ಮೈಲ್ಸ್. 1859ರಲ್ಲಿ ಅವರು ಬರೆದ 'ಸೆಲ್ಫ್ ಹೆಲ್ಪ್' ಎಂಬ ಪುಸ್ತಕದಿಂದಲೇ ಆ ಹೆಸರು ಮನೆಮಾತಾದದ್ದು. ಆ ಪುಸ್ತಕದ ಬೇರು ಇರುವುದು ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಕೂಲಿ ಯುವಕರ ಒಂದು ಕೂಟದಲ್ಲಿ. ಹಗಲೆಲ್ಲ ದುಡಿದು ಸಂಜೆ ಒಟ್ಟಿಗೆ ಸೇರಿ, ಓದು ಬಂದವನು ಬಾರದವನಿಗೆ, ಲೆಕ್ಕ ಬಂದವನು ಬಾರದವನಿಗೆ ಹೇಳಿಕೊಡುತ್ತಿದ್ದರು. ಜನ ಹೆಚ್ಚಿದಾಗ, ಹಿಂದೆ ಕಾಲರಾ ರೋಗಿಗಳಿಗೆ ತಾತ್ಕಾಲಿಕ ಆಸ್ಪತ್ರೆಯಾಗಿದ್ದ ಕೊಳಕು ಕೋಣೆಯೊಂದನ್ನು ಬಾಡಿಗೆಗೆ ಹಿಡಿದರು. ಅಲ್ಲಿ ಬಂದು ನಾಲ್ಕು ಮಾತು ಹೇಳಿ ಎಂದು ಅವರು ಕರೆದದ್ದಕ್ಕೇ ಸ್ಮೈಲ್ಸ್ ಭಾಷಣ ಮಾಡಿದ್ದು. ಆ ಭಾಷಣಗಳೇ ಮುಂದೆ ಪುಸ್ತಕವಾದವು.

ಪುಸ್ತಕ ಲೋಕವೆಲ್ಲ ಸುತ್ತಿತು, ಕೋಣೆ ಮರೆತುಹೋಯಿತು. ಒಬ್ಬರಿಗೊಬ್ಬರು ಕಲಿಸಿದ ಯುವಕರು ಕಥೆಯಿಂದ ಇಳಿದುಹೋದರು. ಒಂಟಿಯಾಗಿ ಗೆದ್ದ ನಾಯಕ ಮಾತ್ರ ಉಳಿದ. ಇಂದು ಮೊಬೈಲಿನಲ್ಲಿ ಗರ್ಜಿಸುವ ಪ್ರೇರಣೆಯ ಭಾಷಣಕಾರ ಆ ನಾಯಕನ ಮರಿಮೊಮ್ಮಗ.

ಬಾಕಿ ಕಟ್ಟಿದವರು ಯಾರು?

ಇಷ್ಟು ಹೇಳಿದ ಮೇಲೆ ಇರುಸುಮುರುಸಿನ ಒಂದು ಪ್ರಶ್ನೆ ಕೇಳಲೇಬೇಕು. ತಾತಯ್ಯನವರ ಐತಿಹ್ಯದಲ್ಲಿ ಹೆಂಡತಿ ಮುನಿಯಮ್ಮ ಬಾಯಿ ಜೋರಿನ ಹೆಂಗಸಾಗಿ ಬರುತ್ತಾರೆ. ಗಂಡ ಬರಿಗೈಯಲ್ಲಿ ಬಂದರೆ ಬೈಯುವುದೇ ಅವರ ಪಾತ್ರ. ಆ ಮನೆಯಲ್ಲಿ ಅಂದು ಒಲೆ ಹೊತ್ತಿಸಬೇಕಾಗಿದ್ದವರೂ ಅವರೇ ತಾನೆ? ಹಂಚಿಹೋದ ಬಳೆಗಳ ಬೆಲೆ ಅವರ ಅಡುಗೆಮನೆಯಲ್ಲಿ ಕಡಿಮೆ ಬಿದ್ದಿತ್ತು. ಸಂತನ ಹಿರಿಮೆಗೆ ಇದರಿಂದ ಕುಂದಿಲ್ಲ. ಹಿರಿಮೆಗೆ ತೆತ್ತವರ ಹೆಸರನ್ನೂ ಲೆಕ್ಕದಲ್ಲಿ ಬರೆಯಬೇಕು, ಅಷ್ಟೆ. ಎಚ್ಚೆನ್ ಮದುವೆಯಾಗದೆ ಉಳಿದರು. ನಮ್ಮಲ್ಲಿ ಹೆಚ್ಚಿನವರಿಗೆ ಗವಿಯೂ ಇಲ್ಲ, ಹಾಸ್ಟೆಲ್ ಕೋಣೆಯೂ ಇಲ್ಲ. ನಾವು ತಿದ್ದಿಕೊಳ್ಳಬೇಕಾದದ್ದು ಮನೆ ಮಂದಿಯ ನಡುವೆ, ಕುಕ್ಕರಿನ ಸೀಟಿಯ ನಡುವೆ.

ಒಬ್ಬ ಹುಡುಗ ಕೆಎಎಸ್‌ಗೋ ಪಿಎಸ್‌ಐ ಪರೀಕ್ಷೆಗೋ ಓದಲು ಬೆಂಗಳೂರಿನ ವಿಜಯನಗರದಲ್ಲಿ ಪಿ.ಜಿ. ಹಿಡಿದು ಕೂರುತ್ತಾನೆ. ಊರಲ್ಲಿ ಅಪ್ಪ ಇನ್ನೊಂದು ಬೆಳೆಗೆ ಸಾಲ ತೆಗೆಯುತ್ತಾನೆ. ಅಕ್ಕನ ಡಿಗ್ರಿ ನಡುವಿನಲ್ಲೇ ನಿಲ್ಲುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ಹಬ್ಬಕ್ಕೆ ಬಂದಾಗ ಅವನು ಬಾಗಿಲು ಹಾಕಿಕೊಂಡು ಓದಿದರೆ ತಟ್ಟೆ ಒಳಕ್ಕೇ ಹೋಗುತ್ತದೆ. ಗೆದ್ದರೆ ಫ್ಲೆಕ್ಸಿನಲ್ಲಿ ಅವನೊಬ್ಬನದೇ ಫೋಟೊ. ಗೆಲ್ಲದಿದ್ದರೆ ಇನ್ನೂ ಕಷ್ಟ. ಒಬ್ಬನೇ ಗೆಲ್ಲುತ್ತಾನೆ ಎಂದು ಕಲಿಸಿದ ಪಾಠವೇ ಸೋಲನ್ನೂ ಅವನೊಬ್ಬನ ತಲೆಗೆ ಕಟ್ಟುತ್ತದೆ. ಆಮೇಲೆ ಊರಿನ ಕರೆ ಬಂದರೆ ಫೋನೆತ್ತಲೂ ಅವನಿಗೆ ಹಿಂಜರಿಕೆ.

ಸಂಬಂಧಗಳನ್ನು ಓದಿನ ಅಡ್ಡಿಯೆಂದು ಕಾಣುವ ರೂಢಿ ಇಲ್ಲಿಂದಲೇ ಬೆಳೆಯುತ್ತದೆ. ಗೆಳೆಯರನ್ನು ಬಿಡು, ಮದುವೆ ಮನೆಗೆ ಹೋಗಬೇಡ, ಗುರಿ ಮುಟ್ಟಿದ ಮೇಲೆ ಎಲ್ಲರೂ ತಾವಾಗಿ ಬರುತ್ತಾರೆ ಎನ್ನುವ ಉಪದೇಶ ಹೇರಳ. ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾಗಿ ತಲೆಮಾರು ದಾಟಿ ನಡೆದಿರುವ ಅಧ್ಯಯನ ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಕಾಲೇಜಿನ ಹುಡುಗರು ಮತ್ತು ಬಾಸ್ಟನ್ನಿನ ಬಡ ಕೇರಿಗಳ ಹುಡುಗರು ಸೇರಿ 724 ಮಂದಿಯ ಬದುಕನ್ನು ಅದು ಮುಪ್ಪಿನವರೆಗೂ ಹಿಂಬಾಲಿಸಿತು. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ನೆಮ್ಮದಿ ಕಂಡವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯದಿಂದಿದ್ದರು. ಗುರಿ ಮುಟ್ಟಿದ ಮೇಲೆ ಕಟ್ಟಿಕೊಳ್ಳುತ್ತೇನೆ ಎಂದು ಮುಂದೂಡುವ ವಸ್ತು ಸಂಬಂಧವಲ್ಲ.

ನಾಲ್ಕು ಜ್ವರ

ಇನ್ನು ಶಿಸ್ತಿನ ಮಾತು. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನ ಬೇಕು ಎಂದು ಅವರು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ಕನಿಷ್ಠ ಎಂಬುದು ಉದುರಿಹೋಯಿತು, ಮುಖದ ಮಾತೂ ಮರೆತುಹೋಯಿತು. ಲಂಡನ್ನಿನ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಅಭ್ಯಾಸ ಬೇರುಬಿಡಲು ಸುಮಾರು 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂದೂ ಅವರು ಕಂಡುಕೊಂಡರು. ದಿನಗಳ ಸರಪಳಿ ತುಂಡಾಯಿತೆಂದು ಫೋನಿನ ಆ್ಯಪ್ ಅಳುವ ಮುಖ ತೋರಿಸಿದಾಗ ಈ ಮಾತು ನೆನಪಿರಲಿ.

ಶಿಡ್ಲಘಟ್ಟದ ಸುತ್ತ ಹುಳು ಸಾಕುವವರಿಗೆ ಇದನ್ನು ಯಾವ ಸಂಶೋಧಕರೂ ಹೇಳಿಕೊಡಬೇಕಿಲ್ಲ. ಮೊಟ್ಟೆಯೊಡೆದ ಹುಳು ಸರಿಸುಮಾರು ಇಪ್ಪತ್ತೈದು ದಿನಗಳಲ್ಲಿ ಹತ್ತು ಸಾವಿರ ಪಟ್ಟು ತೂಗುತ್ತದೆ. ಅಷ್ಟು ಬೆಳೆಯುವ ಪ್ರಾಣಿ ಒಂದೇ ಓಟದಲ್ಲಿ ಬೆಳೆಯುವುದಿಲ್ಲ. ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ ಒಂದು ದಿನದಷ್ಟು ಹೊತ್ತು ಇದ್ದು, ಹಳೆಯ ಪೊರೆ ಕಳಚಿ ಏಳುತ್ತದೆ. ಅನುಭವಸ್ಥರು ಆಗ ಸೊಪ್ಪು ಹಾಕುವುದಿಲ್ಲ. ಹಾಸಿಗೆ ಒಣಗಿರುವಂತೆ ಸುಣ್ಣದ ಪುಡಿ ಉದುರಿಸಿ, ಗಾಳಿ ಬಿಟ್ಟು, ಕೈ ಕಟ್ಟಿ ಕಾಯುತ್ತಾರೆ. ಮುಕ್ಕಾಲು ಪಾಲು ಹುಳು ಎದ್ದಿದೆ, ಉಳಿದವು ಸೋಮಾರಿಗಳು ಎಂದು ಅವಸರಪಟ್ಟು ಸೊಪ್ಪು ಸುರಿದರೆ ಬೆಳೆ ಏರುಪೇರಾಗುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದಲ್ಲಿ ಅದು ಒಟ್ಟು ಆಹಾರದ ಶೇ 80ಕ್ಕೂ ಹೆಚ್ಚು ಪಾಲನ್ನು ತಿನ್ನುತ್ತದೆ. ಆಮೇಲೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ.

ಮಗನೋ ಮಗಳೋ ಎರಡು ದಿನ ಪುಸ್ತಕ ಮುಟ್ಟದೆ ಮಂಕಾಗಿ ಕೂತರೆ ಅದೇ ಮನೆಯ ದೊಡ್ಡವರು ಬೈಯುತ್ತಾರೆ. ಹುಳುವಿಗೆ ತೋರಿದ ತಾಳ್ಮೆಯಲ್ಲಿ ಕಾಲು ಭಾಗವನ್ನಾದರೂ ಮಕ್ಕಳಿಗೆ ತೋರಬಾರದೇ? ನಿಂತ ಹೊತ್ತೆಲ್ಲ ಹಾಳಾದ ಹೊತ್ತಲ್ಲ. ಹಾಗೆಂದು ನಿಂತದ್ದೆಲ್ಲ ಜ್ವರವೂ ಅಲ್ಲ. ರಾತ್ರಿ ಒಂದರವರೆಗೆ ರೀಲ್ಸ್ ತಳ್ಳುವುದಕ್ಕೆ ಬಿಡುವು ಎಂದು ಹೆಸರಿಟ್ಟುಕೊಂಡರೆ ಮೋಸ ಹೋಗುವವರು ನಾವೇ. ಜ್ವರ ಎದ್ದ ಹುಳುವಿಗೆ ಹಸಿವಿರುತ್ತದೆ. ರೀಲ್ಸ್ ನೋಡಿ ಎದ್ದವರಿಗೆ ಇರುವುದು ಕಣ್ಣುರಿ ಮಾತ್ರ.

ಬೆಂಚಿನ ಇನ್ನೊಂದು ತುದಿ

ಹಾಗಾದರೆ ಮಾಡುವುದೇನು? ದೊಡ್ಡ ಸೂತ್ರಗಳೇನೂ ಬೇಕಿಲ್ಲ. ಇಷ್ಟು ಹೊತ್ತು ನೋಡಿದ ಬದುಕುಗಳಲ್ಲೇ ಸಾಕಷ್ಟು ಸುಳಿವಿದೆ. ಹೊಸದೇನನ್ನಾದರೂ ಆರಂಭಿಸುವಾಗ ನಾಲ್ಕು ಜನರಿಗೆ ಸಾರುವ ಬದಲು ಒಬ್ಬರಿಗೆ ಒಪ್ಪಿಸಿಕೊಳ್ಳಬೇಕು. ತಪ್ಪಿದಾಗ ಗದರುವ, ಎದ್ದಾಗ ಬೆನ್ನು ತಟ್ಟುವ ಒಬ್ಬರು ಸಾಕು. ಓದಿದ್ದನ್ನು ವಾರಕ್ಕೊಮ್ಮೆಯಾದರೂ ಪುಸ್ತಕವಿಲ್ಲದೆ ಇನ್ನೊಬ್ಬರಿಗೆ ಹೇಳಬೇಕು. ನಮ್ಮ ಓದಿಗಾಗಿ ಮನೆಯಲ್ಲಿ ಯಾರ ಕೆಲಸ ಹೆಚ್ಚಾಗಿದೆ, ಯಾರ ಆಸೆ ಹಿಂದೆ ಸರಿದಿದೆ ಎಂದು ತಿಳಿದುಕೊಂಡು, ದಿನಕ್ಕೊಂದು ಕೆಲಸವನ್ನಾದರೂ ಅವರ ಕೈಯಿಂದ ಇಳಿಸಿಕೊಳ್ಳಬೇಕು. ಓದುವ ಹುಡುಗ ಪಾತ್ರೆ ತೊಳೆದರೆ ರ‍್ಯಾಂಕ್ ಜಾರುವುದಿಲ್ಲ.

ಇದಕ್ಕೆ ಬೇಕಾದ ಜಾಗವೂ ಕೈಗೆಟಕುವಷ್ಟು ಹತ್ತಿರದಲ್ಲಿದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಅಲ್ಲಿ ಎಂಟು ಜನ ಎಂಟು ಮೂಲೆಯಲ್ಲಿ ಕೂತು ಎಂಟು ಗೈಡು ಓದಿದರೆ ಅದು ಬರಿಯ ಓದುವ ಕೋಣೆ. ಪಿಯುಸಿ ಹುಡುಗಿ ಎಸ್ಸೆಸ್ಸೆಲ್ಸಿ ಹುಡುಗನಿಗೆ ಲೆಕ್ಕ ಹೇಳಿಕೊಟ್ಟು, ಡಿಗ್ರಿಯವನು ಅವಳಿಗೆ ಇಂಗ್ಲಿಷ್ ಹೇಳಿಕೊಟ್ಟರೆ, ಲೀಡ್ಸ್‌ನ ಯುವಕರು ಬಾಡಿಗೆ ಕೊಟ್ಟು ಕಟ್ಟಿಕೊಂಡದ್ದು ಇಲ್ಲಿ ಬಾಡಿಗೆಯಿಲ್ಲದೆ ಸಿಗುತ್ತದೆ. ಹೇಳಿಕೊಡುವವರಿಗೇ ಹೆಚ್ಚು ಲಾಭ: ಇನ್ನೊಬ್ಬರಿಗೆ ಬಿಡಿಸಿ ಹೇಳಿದ ಲೆಕ್ಕ ಪರೀಕ್ಷೆಯ ದಿನ ಕೈಕೊಡುವುದಿಲ್ಲ.

ಎಷ್ಟು ಮುಂದೆ ಬಂದೆವು ಎಂದು ಅಳೆಯಲು ಹೆಜ್ಜೆ, ಗಂಟೆ, ಅಂಕ ಎಲ್ಲ ಇರಲಿ. ಅವುಗಳ ಜತೆಗೆ ಇನ್ನೊಂದನ್ನೂ ಕೇಳಿಕೊಳ್ಳೋಣ: ನಾನು ಕಲಿತದ್ದರಿಂದ ಈ ವರ್ಷ ಇನ್ನೊಬ್ಬರಿಗೆ ಏನು ಬಂತು? ಉತ್ತರದಲ್ಲಿ ಒಂದು ಹೆಸರಾದರೂ ಇದ್ದರೆ, ಅಂಕಪಟ್ಟಿ ಏನೇ ಹೇಳಲಿ, ಆ ವರ್ಷ ನಾವು ಬೆಳೆದಿದ್ದೇವೆ.